ಮಾವನವರ ದೋಣಿಗೆ ನಾನು ಕೈ ಹಾಕಿದ್ದು

ಮೊನ್ನೆ ಜೆ.ಪಿ. ನಗರದ ಸಿಗ್ನಲ್ಲಿನಲ್ಲಿ ನನ್ನ ಸ್ಕೂಟರಿನ ಮುಂದೆ ಒಂದು ದೋಣಿ ನಿಂತಿತ್ತು. ನಿಜವಾದ ದೋಣಿಯೇ. ಯಾರೋ ಪುಣ್ಯಾತ್ಮರು ಕಾರಿನ ಹಿಂದೆ ಎರಡು ಚಕ್ರದ ಟ್ರೈಲರ್ ಕಟ್ಟಿ, ಅದರ ಮೇಲೆ ಮಲಗಿಸಿಕೊಂಡು ಹೊರಟಿದ್ದರು. ಪಕ್ಕದ ಆಟೋದವನು ತಲೆ ಹೊರಗೆ ಹಾಕಿ, "ಮಳೆ ಬಂದ್ರೆ ಈ ರೋಡಿಗೆ ಇದೇ ಸರಿ ಗುರು" ಅಂದ. ಸುತ್ತಲಿನವರು ನಕ್ಕರು. ನನಗೆ ನಗು ಬರಲಿಲ್ಲ. ತೀರಿಕೊಂಡ ನಮ್ಮ ಮಾವನವರು, ಅಂದರೆ ನನ್ನ ಹೆಂಡತಿ ಪದ್ಮಳ ತಂದೆ, ನೆನಪಾಗಿದ್ದರು.

ಮಾವನವರದು ಬೇಗೂರಿನ ಕಡೆ. ಹೊಲವಿದ್ದ ಜಾಗ ಲೇಔಟ್ ಆದಮೇಲೆ ಮನೆಗಳಿಂದ ಬರುವ ಬಾಡಿಗೆಯಲ್ಲೇ ಆರಾಮಾಗಿ ಇರಬಹುದಿತ್ತು. ಆದರೆ ಬೆಳಗಾಗೆದ್ದು ಕೈಕಟ್ಟಿ ಕೂರುವುದು ಅವರಿಂದಾಗದ ಮಾತು. ಕೆರೆಯ ಮೀನಿನ ಗುತ್ತಿಗೆಯಲ್ಲಿ ಒಂದು ಪಾಲು ಹಿಡಿದರು, ಫೈಬರ್ ದೋಣಿ ಕೊಂಡರು, ಅದಕ್ಕೊಂದು ಟ್ರೈಲರ್ ವೆಲ್ಡಿಂಗ್ ಮಾಡಿಸಿ ಹಳೇ ಜೀಪಿಗೆ ಕಟ್ಟಿಕೊಂಡರು. ಹೋಗುತ್ತಿದ್ದದ್ದು ಮಾತ್ರ ಒಬ್ಬರೇ.

ಒಬ್ಬರೇ ದೋಣಿ ಇಳಿಸುವುದನ್ನು ನೀವು ನೋಡಿರಲಿಕ್ಕಿಲ್ಲ. ಜೀಪನ್ನು ಹಿಂದಕ್ಕೆ ಬಿಟ್ಟು ಟ್ರೈಲರಿನ ಚಕ್ರ ಮುಳುಗುವವರೆಗೆ ನೀರಿಗಿಳಿಸಬೇಕು. ದೋಣಿಯ ಮೂತಿಗೆ ಹಗ್ಗ ಕಟ್ಟಿ, ಕೊಕ್ಕೆ ಬಿಡಿಸಿ, ಮೆಲ್ಲಗೆ ತಳ್ಳಬೇಕು. ದೋಣಿ ತೇಲಿತು ಅಂದಕೂಡಲೇ ಹಗ್ಗವನ್ನು ಕಲ್ಲಿಗೆ ಸುತ್ತಿ, ಜೀಪು ಮೇಲೆ ತಂದು ನಿಲ್ಲಿಸಬೇಕು. ಮಳೆನೀರು ಹೋಗಲೆಂದು ದೋಣಿಯ ತಳದಲ್ಲೊಂದು ತೂತು ಇರುತ್ತದೆ. ಅದರ ಬಿರಡೆ ಹಾಕಲು ಮರೆತರೆ ಕಥೆ ಮುಗಿಯಿತು. ಮಾವನವರು ಆ ಬಿರಡೆಯನ್ನು ಜೀಪಿನ ಕೀಗೊಂಚಲಿಗೇ ಕಟ್ಟಿಕೊಂಡಿದ್ದರು. ಜೀಪಿನ ಕೀ ತೆಗೆದಾಗೆಲ್ಲ ಬಿರಡೆಯೂ ಕೈಗೆ ಬರುತ್ತಿತ್ತು.

ನಾನು ಬ್ಯಾಂಕಿನ ಕುರ್ಚಿ ಬಿಟ್ಟು ಮತ್ತೇನನ್ನೂ ಎತ್ತಿದವನಲ್ಲ. ಮನೆಯ ಕಾರನ್ನು ರಿವರ್ಸ್ ತೆಗೆಯುವಾಗ ಎದುರುಮನೆ ಆಂಟಿ ತಮ್ಮ ಹೂಕುಂಡಗಳನ್ನು ಒಳಗಿಡುತ್ತಾರೆ. ಆದರೂ ಒಮ್ಮೆ, "ಮಾವ, ಒಂದು ಕೈ ಹಿಡೀಲಾ?" ಅಂದೆ.

"ಇವತ್ತು ಹಿಡೀತೀರಿ ಅಳಿಯಂದ್ರೇ, ನಾಳೆ ಯಾರನ್ನ ಹುಡುಕ್ಲಿ?" ಅಂದರು. ಗದರಿಕೆಯೇನಲ್ಲ, ಲೆಕ್ಕಾಚಾರದ ಮಾತು.

ಆಮೇಲೆ ಅವರಿಗೆ ಲಕ್ವ ಹೊಡೆಯಿತು. ಆರು ತಿಂಗಳಲ್ಲಿ ಎದ್ದು ಓಡಾಡಿದರು, ಎಡಗೈ ಹಿಡಿತ ಮಾತ್ರ ಬರಲಿಲ್ಲ. ಜೀಪಿನ ಗೇರನ್ನು ಅಂಗೈಯಿಂದ ತಳ್ಳುವುದನ್ನು ಕಲಿತು, ಮತ್ತೆ ಕೆರೆಗೆ ಹೋಗ್ತೀನಿ ಅಂದರು. ಮನೆಯಲ್ಲಿ ದೊಡ್ಡ ರಂಪ. ಕೊನೆಗೆ ಪದ್ಮ ಒಂದು ತೀರ್ಮಾನ ಮಾಡಿದಳು. "ಒಂದ್ಸಲ ಇವ್ರು ಜೊತೆಗೆ ಬಂದು ನೋಡ್ಲಿ ಅಪ್ಪ. ನಿಮ್ಮ ಕೈಲಾಗುತ್ತೆ ಅಂದ್ರೆ ಹೋಗಿ. ಇಲ್ಲಾಂದ್ರೆ ದೋಣಿ ಮಾರೋಣ."

"ನೋಡ್ಲಿ," ಅಂದರು ಮಾವ. "ಆದ್ರೆ ಮುಟ್ಟಬಾರ್ದು."

ಮಾರನೇ ಬೆಳಗ್ಗೆ ಕೆರೆಗೆ ದೋಣಿ ಇಳಿಸುವುದು ಸುಸೂತ್ರವಾಗಿ ಆಯಿತು, ನಾನು ದಡದಲ್ಲೇ ನಿಂತೆ. ಒಂಬತ್ತರ ಹೊತ್ತಿಗೆ ವಾಪಸ್ ಬಂದು ದೋಣಿಯನ್ನು ಟ್ರೈಲರಿಗೆ ಹತ್ತಿಸತೊಡಗಿದರು. ಗಾಳಿಯಿತ್ತು. ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಎಳೆದರು, ದೋಣಿ ಅಡ್ಡ ತಿರುಗಿತು. ಇನ್ನೊಮ್ಮೆ ಎಳೆದರು, ಮತ್ತೂ ಹಾಗೇ ಆಯಿತು. ಏರಿಯ ಮೇಲೆ ವಾಕಿಂಗ್ ಬಂದವರು ನಿಂತರು. ಒಬ್ಬಾಕೆ ನನ್ನ ಕಡೆ ನೋಡಿ, "ವಯಸ್ಸಾದವ್ರು ಒದ್ದಾಡ್ತಿದಾರೆ, ನೀವು ನೋಡ್ಕೊಂಡು ನಿಂತಿದೀರಲ್ಲ ಸಾರ್" ಅಂದರು. ನನ್ನ ಮುಖ ಬಿಸಿಯಾಯಿತು.

ಮೂರನೇ ಸಲಕ್ಕೆ ದೋಣಿಯ ಮೂತಿ ಟ್ರೈಲರಿಗೆ ಕೂತಿತು. ಮಾವ ಬಲಗೈಯಲ್ಲಿ ಕೊಕ್ಕೆ ಸಿಕ್ಕಿಸಿ, ಟ್ರೈಲರಿನ ಮುಂದಿದ್ದ, ದೋಣಿಯನ್ನು ಪಟ್ಟಿಯಿಂದ ಮೇಲಕ್ಕೆಳೆಯುವ ಹ್ಯಾಂಡಲ್ ತಿರುಗಿಸಿದರು. ದೋಣಿ ಇಂಚಿಂಚೇ ಮೇಲೆ ಬಂತು. ಇನ್ನು ಒಂದು ಮೊಳ ಉಳಿದಿತ್ತು. ಅವರು ದೋಣಿಗೆ ಹಣೆಯೊರಗಿಸಿ ನಿಂತರು.

ನಾನು ಓಡಿಹೋಗಿ ಹ್ಯಾಂಡಲ್ ಹಿಡಿದೆ. ಐದಾರು ಸುತ್ತು ತಿರುಗಿಸಿರಬಹುದು, ಮುಗಿದೇ ಹೋಯಿತು. ಮಾವ ಕೈ ತೆಗೆದು ನನ್ನನ್ನೇ ನೋಡಿದರು. "ಆಯ್ತು ಬಿಡಿ" ಅಂದರು, ಅಷ್ಟೇ.

ಮನೆಗೆ ಬಂದಾಗ ಪದ್ಮ ಬಾಗಿಲಲ್ಲೇ ಕೇಳಿದಳು, "ಆಯ್ತಾ ಅಪ್ಪನ ಕೈಲಿ?" ಮಾವ ನನ್ನ ಕಡೆ ತಿರುಗಿ, ನಾನೇನು ಹೇಳುತ್ತೇನೋ ಎಂದು ಕಾದರು. ನಾನು, "ಕೊನೇಲಿ ನಾನೇ ಹಿಡೀಬೇಕಾಯ್ತು" ಅಂದೆ. ಸುಳ್ಳೇನೂ ಅಲ್ಲವಲ್ಲ ಎಂದು ಆಗಿನಿಂದಲೂ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೇ ವಾರ ದೋಣಿ ಮಾರಿದರು. ಮಾವನವರು ಇನ್ನೂ ಮೂರು ವರ್ಷ ಬದುಕಿದ್ದರು, ಹೆಚ್ಚಾಗಿ ನಮ್ಮ ಮನೆ ಜಗಲಿಯ ಕುರ್ಚಿಯಲ್ಲೇ.

ಮೊನ್ನೆ ಸಿಗ್ನಲ್ಲಿನಿಂದ ಮನೆಗೆ ಬಂದು ದೋಣಿ ನೋಡಿದ್ದನ್ನು ಹೇಳಿದೆ. ಪದ್ಮ ಹುರುಳಿಕಾಯಿ ನಾರು ತೆಗೆಯುತ್ತಾ, "ಅವತ್ತು ನೀವಿಲ್ದೇ ಇದ್ದಿದ್ರೆ ಅಪ್ಪ ನೀರಿಗೇ ಬೀಳ್ತಿದ್ರು" ಅಂದಳು. ಎಷ್ಟು ಸಲ ಕೇಳಿದ್ದೇನೋ ಈ ಮಾತನ್ನು, ಪ್ರತಿಸಲವೂ ಸುಮ್ಮನಿದ್ದೆ.

"ಇಲ್ಲ ಪದ್ಮ," ಅಂದೆ. "ಅವ್ರು ಉಸಿರು ತಗೋತಿದ್ರು ಅಷ್ಟೆ. ಒಂದು ಮೊಳ ಬಿಟ್ರೆ ಹತ್ತಿಸಿ ಆಗಿತ್ತು. ಜನ ನನ್ನ ನೋಡ್ತಿದ್ರು, ನಂಗೆ ತಡ್ಕೊಳ್ಳೋಕೆ ಆಗ್ಲಿಲ್ಲ."

ಅವಳ ಕೈ ನಿಂತಿತು. "ಜನ ನೋಡ್ತಾರೆ ಅಂತ ನೀವು ಹಿಡಿದಿದ್ದು ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಇನ್ನೊಂದು ಹುರುಳಿಕಾಯಿ ಕೈಗೆತ್ತಿಕೊಂಡಳು. ಆಮೇಲೆ ತಲೆಯೆತ್ತದೆ ಹೇಳಿದಳು:

"ಆ ಮೂರು ವರ್ಷವೂ ಊಟಕ್ಕೆ ಕೂತಾಗೆಲ್ಲ, ಮೊದಲು ಅಳಿಯಂದ್ರಿಗೆ ಬಡ್ಸಮ್ಮ ಅಂತಿದ್ರು."