ಸಿಪ್ರಿಯನ್ ಮಾಡಿದ ಕೊಲೆ

ಶಕ್ತಿನಗರದ ಸಿಪ್ರಿಯನ್ ಕ್ರಾಸ್ತರಿಗೆ ಈಗ ಎಪ್ಪತ್ತನಾಲ್ಕು. ಅದರಲ್ಲಿ ಐವತ್ತು ವರ್ಷ ಒಂದೇ ಒಂದು ಸತ್ಯವನ್ನು ಹೇಳಿ ಹೇಳಿ ಸುಳ್ಳುಗಾರ ಅನ್ನಿಸಿಕೊಂಡವರು ಅವರು. ಪ್ರಾಯದಲ್ಲಿ ಹಡಗಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು. ಹಡಗು ಕೆಟ್ಟು ಇಟಲಿಯ ಬಂದರೊಂದರಲ್ಲಿ ಎರಡು ತಿಂಗಳು ಕೂತಾಗ ಒಂದು ಸಿನಿಮಾದಲ್ಲಿ ಕೊಲೆಗಾರನಾದರು. ಪೂರ್ತಿ ಕೊಲೆಗಾರನಲ್ಲ, ಕೆಲವು ದೃಶ್ಯಗಳಲ್ಲಿ ಅವನ ಕೈಗಳು ಮಾತ್ರ. ಅಸಲಿ ನಟನಿಗೆ ಚೂರಿ ಹಿಡಿದರೆ ಕೈ ನಡುಗುತ್ತಿತ್ತಂತೆ.

ಇದನ್ನು ಯಾರು ನಂಬುತ್ತಾರೆ ಹೇಳಿ? ಹೆಣ್ಣು ನೋಡಲು ಹೋದಲ್ಲಿಯೂ ಇದನ್ನೇ ಹೇಳಿದರು, ಪುಣ್ಯಾತ್ಮ. ಮಾವನಾಗಬೇಕಿದ್ದವರು ಕೆಮ್ಮಿದರು. ಹುಡುಗಿ ಬರ್ನಡೆಟ್ ನರ್ಸು, ರಿಪೋರ್ಟು ಕೈಗೆ ಬರುವವರೆಗೆ ಜ್ವರವನ್ನೂ ನಂಬದವಳು. ಮದುವೆಯೇನೋ ಆದಳು, ಕಥೆಯನ್ನು ಮಾತ್ರ ನಂಬಲಿಲ್ಲ. ಹಂಪನಕಟ್ಟೆಯ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ದುಡಿಯುವಾಗ ಜನ ಅವರನ್ನು 'ಇಟಲಿ' ಎಂದು ಕರೆದದ್ದಕ್ಕೆ ಸಿಪ್ರಿಯನ್‌ಗೆ ಬೇಸರವಿರಲಿಲ್ಲ. ಊರು ನಕ್ಕರೆ ನಗಲಿ. ಕಟ್ಟಿಕೊಂಡವಳೂ ನಕ್ಕದ್ದು ಮಾತ್ರ ಹೊಟ್ಟೆಯಲ್ಲಿ ಉರಿಯುತ್ತಲೇ ಇತ್ತು.

ಕಳೆದ ವರ್ಷ ಅಣ್ಣನ ಮಗಳು ಡ್ಯಾಫ್ನಿಗೆ ಆ ಸಿನಿಮಾ ಸಿಕ್ಕಿತು. ಅವಳು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಕದ್ರಿಯಲ್ಲಿ ಒಂದು ಸಿನಿಮಾ ಕ್ಲಬ್ಬು ನಡೆಸುತ್ತಾಳೆ. ಹೆಸರಿನಲ್ಲೇ ಹನ್ನೊಂದು ಪದಗಳಿದ್ದ ಆ ಚಿತ್ರವನ್ನು ಒಂದು ಭಾನುವಾರ ಮಧ್ಯಾಹ್ನ ತೋರಿಸುವುದೆಂದಾಯಿತು. ಸಿಪ್ರಿಯನ್ ಮದುವೆಯ ಕೋಟು ಹಾಕಿಕೊಂಡರು.

"ಸಿನಿಮಾದಲ್ಲಿ ನೀವು ಇಲ್ಲದಿದ್ರೆ ಇನ್ನು ಈ ವಿಷಯ ಎತ್ಲಿಕ್ಕಿಲ್ಲ, ಆಯ್ತಾ?" ಎಂದರು ಬರ್ನಡೆಟ್, ಬಸ್ಸಿನಲ್ಲಿ.

"ಆಯ್ತು ಮಾರಾಯ್ತಿ," ಎಂದು ಸಿಪ್ರಿಯನ್ ಧೈರ್ಯವಾಗಿ ಒಪ್ಪಿಕೊಂಡುಬಿಟ್ಟರು.

ಸಿನಿಮಾ ಶುರುವಾಯಿತು. ಒಬ್ಬ ಹೆಂಗಸಿಗೆ ಕನಸಿನಲ್ಲಿ ಕೊಲೆ ಕಾಣುತ್ತದೆ; ಎದ್ದು ನೋಡಿದರೆ ಹೆಣ ಪಕ್ಕದ ಮನೆಯಲ್ಲಿ. ಪೊಲೀಸರು ನಂಬುವುದಿಲ್ಲ, ಡಾಕ್ಟರು ಗುಳಿಗೆ ಕೊಡುತ್ತಾನೆ. ಕಾರಣವಿಲ್ಲದೆ ಗೋಡೆ ಕೆಂಪಾಗುತ್ತದೆ, ಮೆಟ್ಟಿಲು ಇಳಿದವಳು ಮಾಳಿಗೆಗೆ ಬಂದು ಮುಟ್ಟುತ್ತಾಳೆ. ಆ ಹೆಂಗಸಿನ ಕಷ್ಟ ಇಡೀ ಹಾಲಿನಲ್ಲಿ ಸಿಪ್ರಿಯನ್‌ಗೆ ಮಾತ್ರ ಅರ್ಥವಾಯಿತು.

ಮೊದಲ ಕೊಲೆ ಬಂತು. ಕೊಲೆಗಾರನ ಕೈಗಳಿಗೆ ಮೊಣಕೈವರೆಗೆ ಕರಿ ಚರ್ಮದ ಗ್ಲೌಸು.

ಅಯ್ಯೋ ದೇವರೇ! ಗ್ಲೌಸಿನ ವಿಷಯವೇ ಮರೆತುಹೋಗಿತ್ತು. ಇಷ್ಟು ವರ್ಷ ನೆನಪಿನಲ್ಲಿ ಅವರು ಕಂಡದ್ದು ತಮ್ಮ ಬರಿಗೈಯನ್ನೇ. ಎರಡನೆಯ ಕೊಲೆಯಾಯಿತು, ಮೂರನೆಯದಾಯಿತು. ಯಾವುದು ತನ್ನ ಕೈ, ಯಾವುದು ಇನ್ನೊಬ್ಬನದು ಎಂದು ಅವರಿಗೇ ತಿಳಿಯಲಿಲ್ಲ. ನಾಲ್ಕನೆಯದರ ಹೊತ್ತಿಗೆ, ತಾನು ನಿಜವಾಗಿ ಇಟಲಿಗೆ ಹೋಗಿದ್ದೆನೋ ಇಲ್ಲವೋ ಎಂಬ ಸಂಶಯವೇ ಶುರುವಾಯಿತು. ಹೆಂಡತಿಯ ಮುಖ ನೋಡಲು ಧೈರ್ಯ ಸಾಲದೆ ಕೋಟಿನ ಗುಂಡಿ ತಿರುವುತ್ತಾ ಕೂತರು.

ಐದನೆಯದು ಬಚ್ಚಲುಮನೆಯಲ್ಲಿ. ತೊಟ್ಟಿಯೊಳಗೆ ಹೆಂಗಸು ಕಿರುಚುತ್ತಿದ್ದಾಳೆ. ಕರಿ ಗ್ಲೌಸಿನ ಕೈ ಚೂರಿ ಎತ್ತಿತು. ಆತುರವಿಲ್ಲದೆ, ಚೂರಿಯ ತುದಿಯಿಂದ ಗಾಳಿಯಲ್ಲಿ ಚಿಕ್ಕದೊಂದು ಶಿಲುಬೆ ಬರೆಯಿತು. ಆಮೇಲೆ ತಿವಿಯಿತು.

ಬರ್ನಡೆಟ್ ಗಬಕ್ಕನೆ ಗಂಡನ ತೋಳು ಹಿಡಿದರು. ಸಿನಿಮಾ ಮುಗಿಯುವವರೆಗೂ ಬಿಡಲಿಲ್ಲ. ಹೆದರಿರಬೇಕು ಎಂದುಕೊಂಡರು ಸಿಪ್ರಿಯನ್.

ದೀಪ ಹಾಕಿದ ಮೇಲೆ ಚರ್ಚೆ. ನಿವೃತ್ತ ಪ್ರೊಫೆಸರ್ ಯೂಸ್ಟೇಸ್ ಎದ್ದು, ಆ ಶಿಲುಬೆಯೇ ಇಡೀ ಚಿತ್ರದ ಕೀಲಿಕೈ, ಅದು ಪಾಪಪ್ರಜ್ಞೆಯ ಸಂಕೇತ ಎಂದು ಹದಿನೈದು ನಿಮಿಷ ವಿವರಿಸಿದರು. ಕೆಲವರು ಬರೆದುಕೊಂಡರು. ಸಿಪ್ರಿಯನ್ ಮದುವೆಯ ಕೋಟು ಕಳಚಿ ಮಡಿಲಲ್ಲಿಟ್ಟುಕೊಂಡರು. ಬಸ್ಸಿನಲ್ಲಿ ಮಾತು ಕೊಟ್ಟಾಗಿತ್ತಲ್ಲ, ಇನ್ನು ಸಾಯುವವರೆಗೆ ಇಟಲಿಯ ಮಾತು ಎತ್ತುವಂತಿಲ್ಲ.

ಆಗ ಬರ್ನಡೆಟ್ ಎದ್ದು ನಿಂತರು.

"ಪ್ರೊಫೆಸರ್, ಅದಕ್ಕೆ ಅರ್ಥ ಎಂತದ್ದೂ ಇಲ್ಲ. ಅದು ಇವರ ಅಮ್ಮ ಕಲಿಸಿದ್ದು. ಚೂರಿ ಹಿಡಿದ್ರೆ ಮೊದಲು ಶಿಲುಬೆ. ಬ್ರೆಡ್ಡಿಗೂ ಹಾಕ್ತಾರೆ, ಕೇಕಿಗೂ ಹಾಕ್ತಾರೆ, ಹಲಸಿನ ಹಣ್ಣಿಗೂ ಹಾಕ್ತಾರೆ. ನಲ್ವತ್ನಾಲ್ಕು ವರ್ಷದಿಂದ ದಿನಾ ನೋಡ್ತಾ ಇದ್ದೇನೆ."

"ನಾನಾ? ನಾನು ಹಾಕ್ತೇನಾ?" ಎಂದರು ಸಿಪ್ರಿಯನ್.

"ನೋಡಿ, ಇವರಿಗೇ ಗೊತ್ತಿಲ್ಲ." ಬರ್ನಡೆಟ್ ಸೀರೆಯ ಸೆರಗು ಸರಿಮಾಡಿಕೊಂಡು, ಹಿಂದಿನ ಸಾಲಿಗೂ ಕೇಳುವಂತೆ ಹೇಳಿದರು: "ಬಚ್ಚಲಲ್ಲಿ ಆ ಹೆಂಗಸನ್ನು ಕೊಂದದ್ದು ನನ್ನ ಗಂಡ. ಇನ್ನು ಯಾರಿಗಾದ್ರೂ ಸಂಶಯ ಉಂಟಾ?"

ಯಾರಿಗೂ ಇರಲಿಲ್ಲ. ಕೊಲೆಗಾರ ಮಾತ್ರ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಸಂತೋಷ ತಡೆಯಲಾಗದೆ, ಅಷ್ಟು ಜನರೆದುರು ಗೊಳೋ ಎಂದು ಅತ್ತುಬಿಟ್ಟರು.