ಕಟ್ಟೆ ಇಲ್ಲದ ಬಾವಿ

ನನ್ನ ಗಂಡ ಮಾತಿನ ನಡುವೆಯೇ ನೆಲದೊಳಗೆ ಹೋದ. "ಏಪ್ರಿಲ್ ಬಂತಲ್ಲ, ನೀರೆಷ್ಟದೆ ನೋಡ್ವಾ" ಅಂದ, ಒಂದು ಹೆಜ್ಜೆ ಮುಂದಿಟ್ಟು ಬಗ್ಗಿದ, ಅಷ್ಟೇ. ಅವನು ನಿಂತಿದ್ದಲ್ಲಿ ಒಂದು ಹಸಿರು ಬಳ್ಳಿ ಅಲ್ಲಾಡುತ್ತಿತ್ತು. ಕಲ್ಲುಗಳು ನೀರಿಗೆ ಬಿದ್ದ ಸದ್ದು ಆಮೇಲೆ ಬಂತು. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಈಗಲೂ ಆ ಬಳ್ಳಿ ಕಣ್ಣ ಮುಂದೆ ಅಲ್ಲಾಡುತ್ತದೆ.

ನಾವು ಪೆನ್ಸಿಲ್ವೇನಿಯಾದ ಗುಡ್ಡಗಳ ನಡುವಿನ ಈ ಸಣ್ಣ ಊರಿಗೆ ಬಂದು ಮೂರು ವರ್ಷವಾಗುತ್ತ ಬಂತು. ಮಂಜುನಾಥ ಕುಮಟೆಯವನು, ಇಲ್ಲಿಯ ವೃದ್ಧಾಶ್ರಮದಲ್ಲಿ ನರ್ಸ್. ನಾನು ಹೊನ್ನಾವರ ತಾಲೂಕಿನ ಮಂಕಿಯವಳು. ಧಾರವಾಡದಲ್ಲಿ ಇತಿಹಾಸ ಓದಿದ್ದೆ. ಆ ಓದು ಇಲ್ಲಿ ಯಾರಿಗೂ ಬೇಕಾಗಿರಲಿಲ್ಲ, ನಮ್ಮ ಮನೆಯ ಮಾಲೀಕ ಸ್ಯಾಮನನ್ನು ಬಿಟ್ಟರೆ.

ಮೊದಲ ವರ್ಷ ನನ್ನನ್ನು ಹೆದರಿಸಿದ್ದು ಚಳಿಯಲ್ಲ, ದೂರ. ನಮ್ಮಲ್ಲಿ ಮನೆಯಿಂದ ಮನೆಗೆ ಕೂಗಳತೆ. ಅಂಗಳದಲ್ಲಿ ನಿಂತು ಕರೆದರೆ ಯಾರಾದರೂ "ಎಂತ?" ಅನ್ನುತ್ತಾರೆ. ಇಲ್ಲಿ ಕರೆದರೆ ಗುಡ್ಡಕ್ಕೆ ಮಾತ್ರ ಕೇಳಿಸುತ್ತದೆ. ಮೀನು ಮಂಜುಗಡ್ಡೆಯ ಇಟ್ಟಿಗೆಯಾಗಿ ಸಿಗುತ್ತದೆ. ಆಯಿ ಊರಿಂದ ಕಟ್ಟಿಕೊಟ್ಟ ಮುರುಗಲ ಸಿಪ್ಪೆಯನ್ನು ಹುಳಿಗೆ ಹಾಕಿ ಅದನ್ನೇ ಸಾರು ಮಾಡಿದ ದಿನ ಸ್ಯಾಮ್ ವಾಸನೆ ಹಿಡಿದು ಮೆಟ್ಟಿಲೇರಿ ಬಂದ, ಒಂದು ಬಟ್ಟಲು ಕುಡಿದ, ಕಣ್ಣೀರು ಒರೆಸಿಕೊಂಡು ಇನ್ನೊಂದು ಬಟ್ಟಲು ಕೇಳಿದ. ನಾನು ಈ ನೆಲದಲ್ಲಿ ಗೆದ್ದ ಮೊದಲ ಆಟ ಅದು.

ಸ್ಯಾಮನ ಇಂಗ್ಲಿಷು ನಮ್ಮ ಪಠ್ಯಪುಸ್ತಕದ್ದಲ್ಲ. ಮನೆ ಚೊಕ್ಕಟ ಮಾಡುವುದಕ್ಕೆ ಅವನು 'ರೆಡ್ ಅಪ್' ಅನ್ನುತ್ತಾನೆ. ಹಿರಿಯರು ಹಡಗಿನಲ್ಲಿ ತಂದ ಮಾತಂತೆ. ಅವರನ್ನು ಇಲ್ಲಿ ಸ್ಕಾಚ್-ಐರಿಷ್ ಎಂದು ಕರೆಯುತ್ತಾರೆ: ಸ್ಕಾಟ್ಲೆಂಡಿನಿಂದ ಐರ್ಲೆಂಡಿನ ಉತ್ತರಕ್ಕೆ ಹೋಗಿ, ಕೆಲವು ತಲೆಮಾರು ಗೇಣಿ ಮಾಡಿ, ಗೇಣಿ ಏರಿದಾಗ ಮತ್ತೆ ಗಂಟು ಕಟ್ಟಿ ಸಮುದ್ರ ದಾಟಿದವರು. ಆಗ ಇದು ಬ್ರಿಟಿಷರ ವಸಾಹತು. ಬಂದರಿನ ಹತ್ತಿರದ ಒಳ್ಳೆಯ ನೆಲವೆಲ್ಲ ಮೊದಲು ಬಂದವರ ಪಾಲಾಗಿತ್ತು. ಇವರು ಗುಡ್ಡಕ್ಕೆ ಸರಿದರು. ಬಿಟ್ಟುಬಂದ ಊರುಗಳ ಹೆಸರನ್ನೇ ಹೊಸ ಊರುಗಳಿಗೆ ಇಟ್ಟರು. ಇದನ್ನು ಕೇಳುವಾಗ ನನಗೆ ಅಜ್ಜಿಯ ನೆನಪಾಯಿತು. ನಮ್ಮವರು ಗೋವೆಯ ಕಡೆಯಿಂದ ದೋಣಿಯಲ್ಲಿ ಬಂದವರು ಎಂದು ಅವಳು ಹೇಳುತ್ತಿದ್ದಳು. ನಾವು ಮಂಕಿಯವರಾದೆವು, ಮನೆದೇವರು ಗೋವೆಯಲ್ಲೇ ಉಳಿಯಿತು.

ಸ್ಯಾಮನಿಗೆ ತನ್ನವರ ಮೊದಲ ಮನೆ ಎಲ್ಲಿತ್ತು ಎಂದು ತಿಳಿಯಬೇಕಿತ್ತು. ಅವನ ಬಳಿ ಇದ್ದದ್ದು ಮನೆಯಲ್ಲಿ ಹೇಳಿಕೊಂಡು ಬಂದ ಒಂದು ಕತೆ ಮಾತ್ರ: ಮೂಲಪುರುಷನ ಹೆಂಡತಿ ಒಂದು ದಿನ ತೊರೆಯಿಂದ ನೀರು ಹೊತ್ತು ತಂದು ಕೊಡ ಕೆಳಗಿಟ್ಟು, "ಇನ್ನು ನಾನು ಹೊರುವುದಿಲ್ಲ" ಅಂದಳಂತೆ. ಗಂಡ ಬಾವಿ ತೋಡಿದನಂತೆ. ನಾವು ಮೂವರು ರಜೆಯ ದಿನಗಳಲ್ಲಿ ತೊರೆಯ ಮೇಲಿನ ಕಾಡು ಹುಡುಕತೊಡಗಿದೆವು. ಇಲ್ಲಿ ಗುರುತು ಹೇಳುವುದು 'ಮರ್ಟಲ್' ಎಂಬ ನೀಲಿ ಹೂವಿನ ಬಳ್ಳಿ. ಅದು ಈ ಕಾಡಿನದ್ದಲ್ಲ, ಹೆಂಗಸರು ಬಾಗಿಲ ಬಳಿ ನೆಟ್ಟದ್ದು. ನಮ್ಮಲ್ಲಿ ಹುಲ್ಲು ಬೆಳೆವ ಬೇಣದ ನಡುವೆ ಒಂಟಿ ದಾಸವಾಳ ಕಂಡರೆ ಇಲ್ಲೊಂದು ಮನೆಯಿತ್ತು ಅನ್ನುವುದಿಲ್ಲವೇ, ಹಾಗೆ.

ಹೋದ ವರ್ಷದ ಏಪ್ರಿಲ್‌ನಲ್ಲಿ ಬಳ್ಳಿ ಸಿಕ್ಕಿತು, ಅದರ ನಡುವೆ ಒಲೆಗೂಡಿನ ಕಲ್ಲುಗಳ ಗುಡ್ಡೆ. ಸ್ಯಾಮ್ ಟೋಪಿ ತೆಗೆದು ನಿಂತ. ಇವರಿಗಿಂತ ಮೊದಲು ಈ ನೆಲ ಯಾರದಾಗಿತ್ತು ಎಂದು ಕೇಳಿದೆ.

"ಜನ ಇದ್ದರು. ಅವರಿಟ್ಟ ಹೆಸರು ತೊರೆಗೆ ಉಳಿದಿದೆ. ಅವರನ್ನು ಉಳಿಯಲು ಬಿಡಲಿಲ್ಲ," ಅಂದ.

ಮೌನ ತಡೆಯದವನು ಮಂಜುನಾಥ. "ಮನೆ ಅಂದ್ಮೇಲೆ ಬಾವಿ ಇರ್ಬೇಕಲ್ದಾ?" ಎನ್ನುತ್ತ ಹೋದ. ನೆಲಮಟ್ಟದಲ್ಲಿ ಕಲ್ಲಿನ ಬಳೆಯೊಂದು ಕಂಡಿತು. ನಮ್ಮ ಕಡೆಯವರಿಗೆ ಬಾವಿ ಕಂಡರೆ ಬಗ್ಗಿ ನೋಡದೆ ಇರಲಾಗದು. ಅಲ್ಲಿ ಕೆಂಪು ಚೀರೆಕಲ್ಲಿನ ನೆಲವನ್ನೇ ಕಡಿದು ಇಳಿಸಿದ ಬಾವಿಗೆ ಕಟ್ಟೆ ಇಲ್ಲದಿದ್ದರೂ ಅಂಚು ಬಂಡೆಯಂತೆ ನಿಲ್ಲುತ್ತದೆ. ಇಲ್ಲಿ ಸಡಿಲ ಮಣ್ಣಿಗೆ ಒಳಗಿನಿಂದ ಬಿಡಿಕಲ್ಲು ಒತ್ತಿದ್ದರು, ಅಷ್ಟೇ. ಅವನ ಕಾಲು ಕುಮಟೆಯ ನೆಲವನ್ನು ನಂಬಿ ಮುಂದೆ ಹೋಯಿತು.

ನಾನು ಓಡಿದೆ. "ಮಲಗು, ನಿಲ್ಲಬೇಡ" ಎಂದು ಸ್ಯಾಮ್ ಕಿರುಚಿದ. ಹೊಟ್ಟೆಯ ಮೇಲೆ ತೆವಳಿ ಇಣುಕಿದೆ. ಎರಡಾಳು ಕೆಳಗೆ ಅವನ ಮುಖ, ಎದೆಮಟ್ಟ ಕಪ್ಪು ನೀರು.

"ಕಾಲು?"

"ಎರಡೂ ಅದೆ. ನೀ ಹಿಂದೆ ಹೋಗು, ಮಣ್ಣು ಬೀಳ್ತದೆ."

ಇಲ್ಲಿ ಫೋನು ಹಿಡಿಯದು, ಕೆಳಗೆ ನಿಲ್ಲಿಸಿದ ಗಾಡಿಯಿಂದ ಹಗ್ಗ, ದಿಮ್ಮಿ ಎಳೆಯುವ ಕೈಯಂತ್ರ ತರುತ್ತೇನೆ, ಅಲ್ಲಿಯವರೆಗೆ ಅವನನ್ನು ಮಾತಾಡಿಸುತ್ತಿರು, ಈ ನೀರು ಹಿಮ ಕರಗಿದ್ದು, ಮಾತು ನಿಂತರೆ ಕಷ್ಟ ಎಂದು ಹೇಳಿ ಸ್ಯಾಮ್ ಇಳಿಜಾರಿನಲ್ಲಿ ಓಡಿದ. ಎಪ್ಪತ್ತು ದಾಟಿದ ಮನುಷ್ಯ.

ಏನು ಮಾತಾಡುವುದು? ಗಂಡ ಸಾಯಬಹುದಾದ ಹೊತ್ತಿನಲ್ಲಿ ಹೇಳಬೇಕಾದ್ದೊಂದೂ ಬಾಯಿಗೆ ಬರಲಿಲ್ಲ. "ಕುಮಟೆಲಿ ಟೆಂಪೊ ಹತ್ತು. ಭಟ್ಕಳದವರೆಗೆ ಸ್ಟಾಪ್ ಹೇಳು" ಅಂದೆ.

"ಮಳ್ಳಾ ನಿಂಗೆ?"

"ಹೇಳು."

"ಧಾರೇಶ್ವರ." ಹಲ್ಲು ಕಟಕಟಿಸುವುದು ಮೇಲಿನವರೆಗೆ ಕೇಳುತ್ತಿತ್ತು. "ಹಳದೀಪುರ. ಕರ್ಕಿ. ಹೊನ್ನಾವರ." ಒಂದು ಕಲ್ಲು ಕಳಚಿ ಅವನ ಭುಜದ ಪಕ್ಕ ಬಿತ್ತು. "ಕಾಸರಕೋಡ... ಮುರ್ಡೇಶ್ವರ."

"ಮಂಕಿ ಬಿಟ್ಟೆ."

"ಅಲ್ಲಿ ಯಾರು ಇಳೀತ್ರು? ನಿನ್ನ ಅಪ್ಪ ಒಬ್ಬ."

"ಮತ್ತೆ ಕುಮಟೆಯಿಂದ ಹೇಳು."

ಎರಡನೆಯ ಸಲ ಕರ್ಕಿಯ ನಂತರ ಅವನು ಸುಮ್ಮನಾದ. ಹೆಸರು ಹಿಡಿದು ಕೂಗಿದೆ. ಬೈದೆ, ಅವನ ಕುಲವನ್ನೆಲ್ಲ ಎತ್ತಿ ಬೈದೆ. ಬಹಳ ಹೊತ್ತಿನ ಮೇಲೆ ಕೆಳಗಿನಿಂದ "ಹೊನ್ನಾವರ ಬಂತಾ?" ಎಂಬ ದನಿ ಬಂತು, ನಿದ್ದೆಗಣ್ಣಿನ ಪ್ರಯಾಣಿಕನ ದನಿ. ಈಗಲೂ ಮತ್ತೆ ಮತ್ತೆ ನನ್ನ ಕಿವಿಗೆ ಬೀಳುವುದು ಅದೇ.

ಸ್ಯಾಮ್ ಏದುತ್ತ ಮರಳಿ ಬಂದು ಯಂತ್ರವನ್ನು ಮೇಪಲ್ ಮರಕ್ಕೆ ಬಿಗಿದ. ಹಗ್ಗ ಕಂಕುಳಡಿಯಲ್ಲಿ ಹಾಕಿಕೊ ಎಂದು ಮೂರು ಸಲ ಹೇಳಬೇಕಾಯಿತು. ಮಂಜುನಾಥನ ಮನೆ ದೋಣಿಯವರದ್ದು. ತಲೆ ಮಂಕಾಗಿದ್ದರೂ ಬೆರಳು ಗಂಟು ಹಾಕಿತು. ಒಂದೊಂದೇ ಹಲ್ಲು ಸರಿಯುತ್ತ ಯಂತ್ರದ ಚಕ್ರ ತಿರುಗಿತು. ಅವನು ಮೇಲೆ ಬಂದಾಗ ತುಟಿ ನೇರಳೆ ಹಣ್ಣಿನಂತಾಗಿತ್ತು. ಸ್ಯಾಮ್ ತನ್ನ ಕೋಟನ್ನೂ ಅಂಗಿಯನ್ನೂ ಬಿಚ್ಚಿ ಅವನಿಗೆ ಸುತ್ತಿದ.

ಆ ವಾರವೇ ಬಾವಿಗೆ ಮಣ್ಣು ತುಂಬಿಸುತ್ತೇನೆ ಎಂದು ಸ್ಯಾಮ್ ಹೊರಟ. ನಾನೂ ಹೂಂ ಅಂದೆ. ಬೇಡ ಅಂದವನು ಮಂಜುನಾಥ. "ಬಾವಿ ಮುಚ್ಚೂಕಾಗ. ಕಟ್ಟೆ ಕಟ್ವಾ." ನಾನು ಅದನ್ನು ಇಂಗ್ಲಿಷಿಗೆ ತರುವಷ್ಟರಲ್ಲಿ ಸ್ಯಾಮನಿಗೆ ಅರ್ಥವಾಗಿತ್ತು. ಆ ಬೇಸಿಗೆಯೆಲ್ಲ ಇಬ್ಬರೂ ಒಲೆಗೂಡಿನ ಕಲ್ಲನ್ನೇ ತಂದು ಸುತ್ತ ಸೊಂಟದೆತ್ತರಕ್ಕೆ ಕಟ್ಟಿದರು.

ಈ ಮೇ ತಿಂಗಳು ಕುಮಟೆಗೆ ಹೋಗಿದ್ದೆವು. ಕರೆಂಟಿಲ್ಲದ ಒಂದು ಬೆಳಿಗ್ಗೆ ಅತ್ತಿಗೆ ಹಿತ್ತಲಿನ ಬಾವಿಯ ಹಗ್ಗವನ್ನು ಮಂಜುನಾಥನತ್ತ ಚಾಚಿದಳು. ಅವನು ನಾಲ್ಕು ಮಾರು ದೂರ ನಿಂತುಬಿಟ್ಟ.

"ಎಂತಾತು? ಅಮೆರಿಕಕ್ಕೆ ಹೋಗಿ ಕೈ ಮೆತ್ತಗಾತಾ? ಇದು ನಮ್ಮ ಬಾವಿ ಮಾರಾಯಾ, ನೀ ಹುಟ್ಟೂಕಿಂತ ಮೊದ್ಲಿಂದು."

"ಗೊತ್ತದೆ ಅತ್ತಿಗೆ" ಎಂದು ನಕ್ಕ. ಕಾಲು ಏಳಲಿಲ್ಲ. ನೀರು ನಾನು ಸೇದಿದೆ. ಅಂಚಿನ ಚೀರೆಕಲ್ಲು ಮೊದಲಿನಂತೆಯೇ ಗಟ್ಟಿಯಾಗಿತ್ತು, ಆದರೂ ನನ್ನ ಹಿಮ್ಮಡಿ ಹಿಂದಕ್ಕೇ ಒತ್ತುತ್ತಿತ್ತು.

ಮರಳಿ ಬಂದ ಮೇಲಿನ ಶನಿವಾರ ಕಾಡಿಗೆ ಹೋದೆವು. ಮಂಜುನಾಥ ತಾನು ಕಟ್ಟಿದ ಕಟ್ಟೆಗೆ ಎರಡೂ ಮೊಣಕೈ ಊರಿ, ತಲೆ ಒಳಗೆ ಹಾಕಿ, ಬಹಳ ಹೊತ್ತು ನೀರು ನೋಡಿದ. ನಾನು ಹಿಂದೆ ನಿಂತು ಅವನ ಅಂಗಿಯ ಚುಂಗು ಹಿಡಿದಿದ್ದೆ.

"ಬಿಡು, ಗಟ್ಟಿ ಅದೆ" ಅಂದ.

ನಾನು ಬಿಡಲಿಲ್ಲ.