ಹುಸೇನಪ್ಪ ಎಂಬ ನಾನು

ನನ್ನ ಹೆಸರು ಕೇಳಿದವರು ಅರೆಗಳಿಗೆ ಸುಮ್ಮನಾಗುತ್ತಾರೆ. ಆಗ ಅವರ ತಲೆಯಲ್ಲಿ ಏನು ಓಡುತ್ತದೆ ಅನ್ನುವುದು ನನಗೆ ಗೊತ್ತು. ಗೊತ್ತು ಅಂತಲೇ ಇಷ್ಟು ವರ್ಷ ಬದುಕಿದ್ದೇನೆ. ಹೆಸರು ಹುಸೇನಪ್ಪ, ಹಣೆಯಲ್ಲಿ ವಿಭೂತಿ, ಊರು ದೇವನಹಳ್ಳಿ ತಾಲ್ಲೂಕು, ನಲ್ಲೂರಿನ ಪಕ್ಕ. ಮನೆತನ ಬೇಸಾಯದ್ದು, ಕೆಲಸ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಇಷ್ಟರಲ್ಲಿ ಯಾವುದೋ ಒಂದು ಸುಳ್ಳಿರಬೇಕು ಎಂದು ಎದುರಿನವರು ಹುಡುಕುತ್ತಾರೆ.

ಹೊಸಕೋಟೆ ಕಡೆಗೆ ವರ್ಗವಾಗಿ ಹೋದ ಮೊದಲ ದಿನ ಅಲ್ಲಿನ ಹೆಡ್‌ಮೇಷ್ಟ್ರು ನನ್ನ ಆರ್ಡರ್ ಹಿಡಿದುಕೊಂಡು, "ನಮ್ಮಲ್ಲಿ ಉರ್ದು ಪೋಸ್ಟೇ ಇಲ್ವಲ್ರೀ, ಯಾರ್ರೀ ಕಳ್ಸಿದ್ದು ನಿಮ್ಮನ್ನ?" ಎಂದರು. ಆರ್ಡರಿನಲ್ಲಿ ಗಣಿತ ಎಂದು ದಪ್ಪಗೆ ಬರೆದಿತ್ತು. ಪುಣ್ಯಾತ್ಮ ಹೆಸರು ದಾಟಿ ಮುಂದಕ್ಕೇ ಓದಿರಲಿಲ್ಲ. ಆಮೇಲೆ ನೆಲಮಂಗಲದ ಸ್ಕೂಲಿಗೆ ಹೋದಾಗ ಅರಿಶಿನಕುಂಟೆಯಲ್ಲಿ ಬಾಡಿಗೆಗೆ ಒಂದು ಮನೆ ನೋಡಿದೆ. ಫೋನಿನಲ್ಲಿ ಹೆಸರು ಹೇಳಿದ ಕೂಡಲೇ ಆ ಮನೆ ಬೇರೆಯವರಿಗೆ ಆಗಿಹೋಗಿತ್ತು. ಸಂಜೆ ನಾನೇ ಹೋಗಿ ಬಾಗಿಲಲ್ಲಿ ನಿಂತಾಗ ಅದೇ ಮನೆ ಮತ್ತೆ ಖಾಲಿ! "ಅಯ್ಯೋ, ಮೊದ್ಲೇ ಹೇಳ್ಬಾರ್ದಾ ಸಾರ್" ಎಂದ ಮನೆ ಓನರ್. ಏನನ್ನು ಹೇಳಬೇಕಿತ್ತು? ಮೈಯೆಲ್ಲಾ ಉರಿದುಹೋಯಿತು. ನಿನ್ನ ಮನೆಯೂ ಬೇಡ, ನೀನೂ ಬೇಡ ಎಂದು ಬಂದುಬಿಟ್ಟೆ.

ಆ ಕಡೆಯವರೂ ಏನು ಕಮ್ಮಿಯಿಲ್ಲ. ದೇವನಹಳ್ಳಿ ಬಸ್‌ಸ್ಟ್ಯಾಂಡಿನ ಹತ್ತಿರ ನಾನು ಪ್ಯಾಂಟು ಹೊಲಿಸುವ ಟೈಲರ್ ಸಾಹೇಬರು ಮೊದಲ ಸಲ ಹೆಸರು ಬರೆದುಕೊಂಡವರೇ ಸಲಾಂ ಹೇಳಿ ದಖ್ನಿ ಉರ್ದುವಿನಲ್ಲಿ ಗಡಗಡ ಮಾತಾಡಿದರು. ನಾನು ಪಿಳಿಪಿಳಿ ನೋಡಿದೆ. ಅವರ ಕಣ್ಣು ನನ್ನ ಹಣೆಯ ಮೇಲೆ ಹೋಯಿತು, ಅಲ್ಲೇ ನಿಂತಿತು. ಇವನು ಯಾರಿಗೋ ಮೋಸ ಮಾಡಲು ಹೊರಟವನು ಎಂದುಕೊಂಡಿದ್ದರಂತೆ. ಗೆಳೆತನವಾದ ಮೇಲೆ ಅವರೇ ಹೇಳಿದರು.

ಅರ್ಥವನ್ನೂ ಅವರೇ ಹೇಳಿಕೊಟ್ಟರು. "ಅರಬ್ಬಿಯಲ್ಲಿ ಹಸನ್ ಅಂದ್ರೆ ಚಂದದೋನು ಮೇಷ್ಟ್ರೇ. ಹುಸೇನ್ ಅಂದ್ರೆ ಪುಟ್ಟ ಚಂದದೋನು. ಅಣ್ಣ ಹಸನ್, ತಮ್ಮ ಹುಸೇನ್. ಇಬ್ರೂ ನಮ್ಮ ಪ್ರವಾದಿ ಮೊಮ್ಮಕ್ಳು. ನಿಮ್ಮನ್ ನೋಡಿದ್ರೆ ಯಾಕೋ ಹಂಗೆ ಅನ್ಸಲ್ಲ ಬಿಡಿ" ಎಂದು ಕಾಲೆಳೆದರು. ಅವರ ನೆಂಟರಲ್ಲೇ ನಾಲ್ಕು ಜನ ಹುಸೇನರಿದ್ದರು. ಒಬ್ಬೊಬ್ಬರ ಇಂಗ್ಲಿಷ್ ಬರವಣಿಗೆ ಒಂದೊಂದು ಥರ. ಒಬ್ಬರಿಗೆ ಒಂದು ಎಸ್, ಇನ್ನೊಬ್ಬರಿಗೆ ಎರಡು. ಅದಕ್ಕಾಗಿ ಅವರಲ್ಲಿ ಯಾರೂ ನಿದ್ದೆ ಕೆಡಿಸಿಕೊಂಡಿರಲಿಲ್ಲ. ನಾನು ಕೆಡಿಸಿಕೊಂಡವನು. ಸ್ಕೂಲಿನ ಸರ್ಟಿಫಿಕೇಟಿನಲ್ಲಿ ಹುಸೇನಪ್ಪ, ರೇಷನ್ ಕಾರ್ಡಿನಲ್ಲಿ ಉಸೇನಪ್ಪ, ಬ್ಯಾಂಕಿನಲ್ಲಿ ಹುಸೈನಪ್ಪ. ಈ ಗುಮಾಸ್ತರೆಲ್ಲ ಬೇಕಂತಲೇ ಹೀಗೆ ಮಾಡುತ್ತಾರೆಂದು ನನಗೆ ಗುಮಾನಿ.

ಹೆಸರು ಬಂದದ್ದು ಅವ್ವನ ಹರಕೆಯಿಂದ. ಅವಳಿಗೆ ಮಕ್ಕಳು ನಿಲ್ಲುತ್ತಿರಲಿಲ್ಲವಂತೆ. ಊರಿನ ಬಾಬಯ್ಯನ ಹಬ್ಬದಲ್ಲಿ, ಅಂದರೆ ಮೊಹರಮ್ಮಿನಲ್ಲಿ, ಹುಸೇನರ ಹೆಸರಿನ ಬೆಳ್ಳಿ ಹಸ್ತದ ಪಂಜಾದ ಮುಂದೆ ಸಕ್ಕರೆ ಓದಿಸಿ, ಈ ಸಲದ್ದು ಉಳಿದರೆ ನಿನ್ನ ಹೆಸರೇ ಇಡುತ್ತೇನೆ ಎಂದು ಕೈಮುಗಿದಳಂತೆ. ನನಗೆ ಗೊತ್ತಿದ್ದದ್ದು ಇಷ್ಟೇ. ಆ ಕಾಲಕ್ಕೆ ನಮ್ಮ ಸುತ್ತಿನ ಒಕ್ಕಲು ಮನೆಗಳಲ್ಲಿ ಊರಿಗೊಬ್ಬನಾದರೂ ಹುಸೇನಪ್ಪ, ಹುಸೇನಮ್ಮ ಇರುತ್ತಿದ್ದರು. ಯಾರೂ ಹುಬ್ಬೇರಿಸುತ್ತಿರಲಿಲ್ಲ. ಈಗ ನನ್ನ ತರಗತಿಯ ಹಾಜರಿಯಲ್ಲಿ ಅಂಥ ಹೆಸರಿನ ಒಂದು ಒಕ್ಕಲು ಮಗುವೂ ಇಲ್ಲ.

ಈಚೆಗೆ ಮಗಳಿಗೆ ದೊಡ್ಡಬಳ್ಳಾಪುರದ ಕಡೆಯ ಸಂಬಂಧ ಕೂಡಿಬಂತು. ಹುಡುಗ ಒಳ್ಳೆಯವನು, ಮಗಳಿಗೂ ಒಪ್ಪಿಗೆ. ನಿಶ್ಚಿತಾರ್ಥ ಮುಗಿದ ಹದಿನೈದು ದಿನಕ್ಕೆ ಬೀಗರ ಫೋನು ಬಂತು. "ಒಂದು ವಿಷ್ಯ ಮಾತಾಡ್ಬೇಕಿತ್ತು ಬೀಗ್ರೇ. ಫೋನಲ್ಲಿ ಬ್ಯಾಡ. ಭಾನುವಾರ ನಾನೇ ಬರ್ತೀನಿ."

ಇನ್ನೇನು ವಿಷಯ? ಹೆಸರೇ. ಅವರ ನೆಂಟರಲ್ಲಿ ಯಾರೋ ಹುಳ ಬಿಟ್ಟಿದ್ದಾರೆ. ನಿಶ್ಚಿತಾರ್ಥದಲ್ಲಿ ಪುರೋಹಿತರು ನನ್ನ ಹೆಸರು ಹೇಳಿದಾಗ ಅವರ ಭಾವಮೈದ ಪಕ್ಕದವರ ಕಿವಿಯಲ್ಲಿ ಏನೋ ಅಂದದ್ದನ್ನು ನಾನು ಕಂಡಿದ್ದೆ. ನನ್ನ ಹೆಸರಿನಿಂದ ಮಗಳ ಮದುವೆ ಮುರಿಯುವುದೆಂದರೆ! ಮೂರು ದಿನ ಊಟ ಸೇರಲಿಲ್ಲ. ಹೆಂಡತಿ "ನಿಮ್ ತಲೆಯೊಳ್ಗೆ ನೀವೇ ಹುತ್ತ ಕಟ್ಕೊಂಡು ಕೂರ್ತೀರಿ" ಎಂದು ರೇಗಿದಳು. ನಾನು ಕೇಳಲಿಲ್ಲ. ಲಗ್ನಪತ್ರಿಕೆ ಅಚ್ಚಿಗೆ ಕೊಟ್ಟಿದ್ದೆವಲ್ಲ, ಯಾರಿಗೂ ಹೇಳದೆ ಪ್ರೆಸ್ಸಿಗೆ ಹೋಗಿ ನನ್ನ ಹೆಸರು ತೆಗೆಸಿ ಅಲ್ಲಿ ನಮ್ಮ ಮನೆದೇವರ ಹೆಸರು ಹಾಕಿಸಿದೆ. ಯಾರೂ ಎರಡನೇ ಸಲ ತಿರುಗಿ ನೋಡದ ಹೆಸರು. ಪೇಪರಿನಲ್ಲಿ ಜಾಹೀರಾತು ಕೊಟ್ಟು, ಅಫಿಡವಿಟ್ ಮಾಡಿಸಿ, ಕಾಗದಗಳಲ್ಲೂ ಅದನ್ನೇ ಮಾಡಿಬಿಡುವುದೆಂದು ತೀರ್ಮಾನಿಸಿದೆ. ಮಾದರಿ ಕಾರ್ಡು ಶನಿವಾರ ಕೈಗೆ ಬಂತು.

ಭಾನುವಾರ ಬೀಗರು ಒಬ್ಬರೇ ಬಂದರು. ಕಾಫಿ ಮುಟ್ಟಲಿಲ್ಲ. ನಾನು ಇನ್ನೇನು ಬಂತು ಎಂದು ಕಾಯುತ್ತಿದ್ದೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, "ನಮ್ ಹುಡ್ಗನಿಗೆ ಎಡಗಿವಿ ಅಷ್ಟಾಗಿ ಕೇಳಲ್ಲ ಬೀಗ್ರೇ. ಚಿಕ್ಕೋನಿದ್ದಾಗ ಜ್ವರ ಬಂದು ಹಂಗಾಯ್ತು. ನಾಳೆ ಬ್ಯಾರೆಯವ್ರ ಬಾಯಿಂದ ನಿಮ್ಗೆ ಗೊತ್ತಾಗ್ಬಾರ್ದು. ಮುಚ್ಚಿಟ್ಟು ಮದ್ವೆ ಮಾಡೋ ಜನ ನಾವಲ್ಲ" ಎಂದರು.

ಬಾಗಿಲ ಹತ್ತಿರ ನಿಂತಿದ್ದ ಮಗಳು, "ಅವರು ನಂಗೆ ಮೊದ್ಲೇ ಹೇಳಿದ್ದಾರೆ ಮಾವ, ನಂಗೇನೂ ಇಲ್ಲ" ಎಂದಳು. ನನಗೆ ಹೋದ ಜೀವ ಬಂದಂತಾಯಿತು. ಆ ಖುಷಿಯ ಭರದಲ್ಲಿ ಕಾರ್ಡು ತಂದು ಅವರ ಕೈಗೆ ಕೊಟ್ಟೇಬಿಟ್ಟೆ. ಕೊಟ್ಟ ಮೇಲೆ ನೆನಪಾಯಿತು.

ಅವರು ಕನ್ನಡಕ ಹಾಕಿಕೊಂಡು ಓದಿದರು. "ಇದ್ಯಾರು ಹುಡ್ಗಿ ತಂದೆ ಅಂತ? ಪ್ರೆಸ್ಸೋರು ತಪ್ಪು ಮಾಡವ್ರೆ."

"ಇಲ್ಲ, ನಾನೇ ಹಾಕ್ಸಿದ್ದು."

"ನಿಮ್ ಹೆಸ್ರು ಇದಲ್ವಲ್ಲ?"

ನಾನು ಕಾರ್ಡು ಇಸಿದುಕೊಳ್ಳಲು ಕೈ ಚಾಚಿದೆ. ಅವರ ಮುಖ ಬಿಗಿಯಿತು. ಕಾರ್ಡನ್ನು ಟೀಪಾಯಿಯ ಮೇಲಿಟ್ಟರು. "ನಾನು ಮಗನ ಕಿವಿ ವಿಷ್ಯ ಹೇಳೋಕೆ ಅಷ್ಟು ದೂರದಿಂದ ಬಂದೆ. ನೀವು ಹೆಸರನ್ನೇ ಬದ್ಲಾಯಿಸ್ಕೊಂಡು ಕೂತಿದ್ದೀರಿ. ಯಾಕೆ? ಯಾವ್ದಾದ್ರೂ ಕೇಸಿದ್ಯಾ? ಇನ್ನೇನೇನು ಮುಚ್ಚಿಟ್ಟಿದ್ದೀರಿ ಮೇಷ್ಟ್ರೇ?" ಬೀಗರೇ ಎನ್ನುತ್ತಿದ್ದವರು ಮೇಷ್ಟ್ರೇ ಎಂದರು. ಮಗಳು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಮಂಚದ ಮೇಲೆ ಕೂತಿದ್ದ ಅವ್ವನಿಗೆ ಓದಲು ಬಾರದು. "ಏನವ್ವಾ ಅದು, ಏನ್ ಬರ್ದದೆ? ಓದು" ಎಂದು ಮೊಮ್ಮಗಳನ್ನು ಕೇಳಿದಳು. ಮಗಳು ಓದಿದಳು.

"ಇನ್ನೊಂದ್ಸಾರಿ ಓದು."

ಮತ್ತೆ ಓದಿದಳು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನ್ನ ಮೇಲೆ ರೇಗುತ್ತಾಳೆಂದುಕೊಂಡೆ. ಅವಳು ನನ್ನ ಕಡೆ ನೋಡಲೇ ಇಲ್ಲ, ಬೀಗರ ಕಡೆ ತಿರುಗಿದಳು.

"ಕೇಸೂ ಇಲ್ಲ ಏನೂ ಇಲ್ಲ ಕಣಪ್ಪಾ. ನಾನಿಟ್ಟ ಹೆಸ್ರು ಅಂದ್ರೆ ಇವ್ನಿಗೆ ನಾಚ್ಕೆ. ಇದು ಇವ್ನ ಅಣ್ಣನ ಹೆಸ್ರು. ನನ್ ಚೊಚ್ಚಲು ಕೂಸಿಗೆ ಮನೆದೇವ್ರ ಹೆಸ್ರೇ ಇಟ್ಟಿದ್ವಿ. ಹನ್ನೊಂದು ದಿನ ಇತ್ತು. ಆಮ್ಯಾಕೆ ನಮ್ ಮನೇಲಿ ಆ ಹೆಸ್ರು ಯಾರ್ಗೂ ಇಡ್ಲಿಲ್ಲ. ಇವ್ನಿಗೂ ಹೇಳಿರ್ಲಿಲ್ಲ."

ಬೀಗರು ಕನ್ನಡಕ ತೆಗೆದರು. ಮಕ್ಕಳು ನಿಲ್ಲುತ್ತಿರಲಿಲ್ಲ ಎಂಬ ಮಾತನ್ನು ನೂರು ಸಲ ಕೇಳಿದ್ದೆ. ಹೋದ ಮಕ್ಕಳಿಗೂ ಒಂದು ಹೆಸರಿತ್ತೇ ಎಂದು ಒಂದು ಸಲವೂ ಕೇಳಿರಲಿಲ್ಲ.

"ಕಾರ್ಡು ಬ್ಯಾರೆ ಅಚ್ಚಾಕ್ಸಿ ಬೀಗ್ರೇ" ಎಂದರು ಅವರು, ಮೆತ್ತಗೆ. "ನಡೀರಿ, ಈಗ್ಲೇ ಹೋಗನ. ನಾನೂ ಬರ್ತೀನಿ."

ಅವ್ವನಿಗೆ ಅದು ಕೇಳಿಸಲಿಲ್ಲವೋ ಏನೋ. ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಆ ಹೆಸರು ಎಲ್ಲಿದೆಯೆಂದು ಮೊಮ್ಮಗಳಿಂದ ತೋರಿಸಿಕೊಂಡು, ಅದರ ಮೇಲೆ ಬೆರಳಾಡಿಸುತ್ತಾ ತನ್ನಷ್ಟಕ್ಕೆ ಹೇಳಿಕೊಂಡಳು:

"ಬದ್ಕಿರೋನ್ನ ಅಳ್ಸಿ, ಸತ್ತೋನ ಕೈಲಿ ಮಗಳ್ನ ಧಾರೆ ಎರೆಸ್ತಾನಂತೆ ನನ್ ಮಗ."